ಹಾಳೆ ತಿರುವಿದ ಸಪ್ಪಳ

ಬೆಳಿಗ್ಗೆ ಚಟ್ನಿಗೆಂದು ನಾಲ್ಕು ಬ್ಯಾಡಗಿ ಮೆಣಸಿನಕಾಯಿ ಹುರಿದೆ. ಘಾಟು ಮೂಗಿಗೇರಿ ಒಂದರ ಹಿಂದೊಂದು ಸೀನು ಬಂದವು. ಈ ವಾಸನೆಗೆ ಬೇರೆಯವರಿಗೆ ಬಿಸಿ ರೊಟ್ಟಿ ನೆನಪಾಗಬಹುದು, ನನಗೆ ಕಾದಂಬರಿ ನೆನಪಾಗುತ್ತದೆ. ನಗಬೇಡಿ, ಕಾರಣ ಹೇಳುತ್ತೇನೆ. ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಈಚೆಗೆ ನನಗೆ ಎಲ್ಲದರಿಂದಲೂ ದಣಿವು. ಹಾವೇರಿಯ ಈ ಮನೆಯಲ್ಲಿ ಎರಡು ಕಪಾಟು ತುಂಬ ಕಾದಂಬರಿಗಳಿವೆ. ಯಾವುದನ್ನು ತೆರೆದರೂ ಹತ್ತನೆಯ ಪುಟಕ್ಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಮುಂದಿನದೆಲ್ಲ ನನಗೆ ಗೊತ್ತು ಎಂದು ಮುಚ್ಚಿಡುತ್ತೇನೆ.

ಎಂಬತ್ತರ ದಶಕದ ನಡುವಿನ ಮಾತು. ಪಿಯುಸಿಯಲ್ಲಿ ಇಂಗ್ಲಿಷು ಕೈಕೊಟ್ಟು ನಾನು ಬ್ಯಾಡಗಿಯ ತವರಿನಲ್ಲಿ ಕೂತಿದ್ದೆ. ನಮ್ಮ ಅಂಗಳಕ್ಕೆ ವ್ಯಾಪಾರಸ್ಥರ ಮೆಣಸಿನಕಾಯಿ ಚೀಲಗಳು ಬರುತ್ತಿದ್ದವು. ಓಣಿಯ ಏಳೆಂಟು ಹೆಂಗಸರು ರಾಶಿಯ ಸುತ್ತ ಕೂತು ತುಂಬು ಬಿಡಿಸುತ್ತಿದ್ದರು. ತುಂಬು ಅಂದರೆ ತೊಟ್ಟು. ನಾನೂ ಒಂದು ದಿನ ಕೂತೆ. ಸಂಜೆಗೆ ಕೈ ಉರಿ, ಕಣ್ಣು ಉರಿ, ಸೀನಿ ಸೀನಿ ಪಕ್ಕೆ ನೋವು. ನಾನು ಈ ಕೆಲಸಕ್ಕೆ ಬಾರದವಳೆಂದು ಅವ್ವ ತೀರ್ಮಾನಿಸಿ, ಓದಲಿಕ್ಕಾದರೂ ಬರುತ್ತದಲ್ಲ, ಅದನ್ನೇ ಮಾಡು ಎಂದಳು. ಹೀಗೆ ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕಟ್ಟೆಯ ಮೇಲೆ ಕೂತು ಕಾದಂಬರಿ ಓದಿ ಹೇಳುವವಳಾದೆ. ಶನಿವಾರ ರಾಣೆಬೆನ್ನೂರಿಗೆ ಟೈಪಿಂಗ್ ಕ್ಲಾಸಿಗೆ ಹೋದಾಗ ಅಲ್ಲಿಯ ಬಾಡಿಗೆ ಲೈಬ್ರರಿಯಿಂದ ಪುಸ್ತಕ ತರುತ್ತಿದ್ದೆ.

ಆ ಕಾದಂಬರಿಗಳ ಬಗ್ಗೆ ನನಗೆ ಅಂದಿನಿಂದಲೂ ಕೆಲವು ತಕರಾರುಗಳಿವೆ. ಮೂವತ್ತನೆಯ ಪುಟದಲ್ಲಿ ನಾಯಕಿಗೆ ಒಂದು ಕೆಮ್ಮು ಬಂತೆಂದರೆ ನೂರೈವತ್ತಕ್ಕೆ ಆಕೆ ಆಸ್ಪತ್ರೆಯಲ್ಲಿ. ನಮ್ಮ ಅಂಗಳದವರು ದಿನವಿಡೀ ಕೆಮ್ಮುತ್ತಿದ್ದರು, ಎಲ್ಲರೂ ಗಟ್ಟಿಯಾಗಿದ್ದರು. ನಾಯಕ ಕಾರಿನಿಂದ ಇಳಿದರೆ ಅವನ ಮೇಲೆ ಕಣ್ಣಿಡಬೇಕು, ಸೈಕಲ್ಲಿನಿಂದ ಇಳಿದರೆ ನಂಬಬಹುದು. ಇನ್ನು ಎರಡು ಪುಟಕ್ಕೊಮ್ಮೆ ಎಲ್ಲರೂ ಕಾಫಿ ಹೀರುತ್ತಿದ್ದರು. ಚಾ ಕುಡಿಯುವ ನಮ್ಮ ಓಣಿಯಲ್ಲಿ ಕಾಫಿ ಬಂತೆಂದರೆ ಹೆಂಗಸರು ಕೈ ನಿಲ್ಲಿಸಿ, ಅದು ಕಹಿಯೋ ಒಗರೋ ಎಂದು ಚರ್ಚೆಗಿಳಿಯುತ್ತಿದ್ದರು. ಕೆಲಸ ಕೆಡುತ್ತಿತ್ತು. ಅದಕ್ಕೇ ನಾನು ಕಾಫಿ ಇದ್ದಲ್ಲೆಲ್ಲ ಚಾ ಎಂದು ಓದತೊಡಗಿದೆ. ಕಣ್ಣೀರಿಗಂತೂ ಕೊರತೆ ಇರಲಿಲ್ಲ. ಅದು ಕಾದಂಬರಿಯದೋ ಮೆಣಸಿನಕಾಯಿಯದೋ ಹೇಳುವುದು ಕಷ್ಟ. ಹೀಗಾಗಿ ನಮ್ಮ ಅಂಗಳದಲ್ಲಿ ಯಾವ ಕಾದಂಬರಿಯೂ ಸೋಲಲಿಲ್ಲ.

ಅಳದೆ ಕೇಳುತ್ತಿದ್ದವಳು ನಿಂಗಕ್ಕ ಒಬ್ಬಳೇ. ಪಕ್ಕದ ಮನೆಯ ಮಗಳು, ಐರಣಿ ಎಂಬ ಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದರು. ಅತ್ತೆ ಏನೋ ಅಂದಾಗ ಗಂಡ ಸುಮ್ಮನೆ ನಿಂತನೆಂದು ಬಿಟ್ಟು ಬಂದು ಏಳು ತಿಂಗಳಾಗಿತ್ತು. ಕರೆಯಲು ಅವರು ಬರಲಿಲ್ಲ, ತಾನಾಗಿ ಹೋಗಲು ಇವಳ ಮನಸ್ಸು ಒಪ್ಪಲಿಲ್ಲ. ಅದೇ ಹೊತ್ತಿಗೆ ನಾನು ತಂದ ಕಾದಂಬರಿಯ ನಾಯಕಿಯೂ ಗಂಡನ ಮನೆ ಬಿಟ್ಟು ಬಂದವಳಾಗಿರಬೇಕೆ? ಹನ್ನೆರಡು ದಿನ ಓದಿದೆ. ದಿನಾ ಸಂಜೆ ಏಳುವಾಗ ನಿಂಗಕ್ಕ ಒಂದೇ ಮಾತು ಕೇಳುತ್ತಿದ್ದಳು.

"ಆಕಿ ಹೋದಳೇನು?"

ನಾಳೆ ಗೊತ್ತಾಗುತ್ತದೆ ಎನ್ನುತ್ತಿದ್ದೆ. ಹನ್ನೆರಡನೆಯ ದಿನ ಓದುತ್ತ ಓದುತ್ತ ಪುಟದ ತುದಿಗೆ ಬಂದೆ. ಮುಂದೆ ಬರೀ ರಟ್ಟು. ಕಡೆಯ ಹಾಳೆಗಳನ್ನು ಯಾರೋ ಪುಣ್ಯಾತ್ಮರು ಕಿತ್ತುಕೊಂಡಿದ್ದರು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನನಗೆ ಹಸಿವಾಗಿತ್ತು, ಗಂಟಲು ಒಣಗಿತ್ತು. ಪುಸ್ತಕದಿಂದ ಕಣ್ಣೆತ್ತದೆ ನಾಯಕಿಯನ್ನು ಬಸ್ಸು ಹತ್ತಿಸಿದೆ. ಗಂಡನ ಮನೆಯ ಬಾಗಿಲಿಗೆ ತಂದೆ. ಅತ್ತೆಯ ಕೈಯಿಂದ ನೀರು ಕೊಡಿಸಿದೆ, ಗಂಡನೇ ಚಾ ಮಾಡಿ ತಂದ ಎಂದು ಹೇಳಿ ಮುಗಿಸಿದೆ. ಹೆಂಗಸರು ಮೂಗೊರೆಸಿಕೊಂಡರು. ನಾನು ಊಟಕ್ಕೆ ಎದ್ದೆ.

ನಾಲ್ಕು ದಿನಕ್ಕೆ ನಿಂಗಕ್ಕ ಟ್ರಂಕು ಹಿಡಿದು ಐರಣಿಗೆ ಹೊರಟಳು.

ಕಥೆಯ ಕೊನೆ ನಾನೇ ಕಟ್ಟಿದ್ದೆಂದು ಯಾರಿಗೂ ಹೇಳಲಿಲ್ಲ. ಆಕೆ ಅಲ್ಲಿ ನೊಂದರೆ ಅದು ನನ್ನ ಹಸಿವಿನ ಪಾಪ ಎಂದುಕೊಂಡೆ. ಗಟ್ಟಿಯಾಗಿ ಓದುವುದನ್ನು ಅಂದೇ ಬಿಟ್ಟೆ. ಪಂಚಮಿಗೆ ಆಕೆ ತವರಿಗೆ ಬಂದಾಗೆಲ್ಲ ಮುಖ ನೋಡುತ್ತಿದ್ದೆ, ಕೇಳುವ ಧೈರ್ಯ ಬರುತ್ತಿರಲಿಲ್ಲ. ಆಮೇಲೆ ನನ್ನ ಮದುವೆ, ಹಾವೇರಿ, ಶಾಲೆಯ ನೌಕರಿ, ನಿವೃತ್ತಿ. ಇಷ್ಟು ವರ್ಷ ನಾನು ಓದಿದ ಪ್ರತಿ ಕಾದಂಬರಿಯ ಕೊನೆಗೆ ನಿಂಗಕ್ಕ ಟ್ರಂಕು ಹಿಡಿದು ನಿಂತಿರುತ್ತಿದ್ದಳು. ಕಣ್ಣು ದಣಿದದ್ದು ಅಕ್ಷರದಿಂದ ಎಂದು ಡಾಕ್ಟರು ಹೇಳುತ್ತಾರೆ, ಹೇಳಲಿ.

ಕಳೆದ ತಿಂಗಳು ಬಸ್ ಸ್ಟ್ಯಾಂಡಿನ ಹತ್ತಿರ ಹಳೆಯ ಪುಸ್ತಕಗಳ ರಾಶಿಯಲ್ಲಿ ಅದೇ ಕಾದಂಬರಿ ಸಿಕ್ಕಿತು. ಹಾಳೆಗಳೆಲ್ಲ ಇದ್ದವು. ನಿಂತಲ್ಲೇ ಕಡೆಯ ಎಂಟು ಪುಟ ಓದಿದೆ. ನಾಯಕಿ ಹೋಗುವುದಿಲ್ಲ. ದೂರದ ಊರಿನಲ್ಲಿ ನೌಕರಿ ಹಿಡಿದು ಒಬ್ಬಳೇ ಇರುತ್ತಾಳೆ. ಪುಸ್ತಕ ಕೊಂಡು ಚೀಲಕ್ಕೆ ಹಾಕಿಕೊಂಡೆ. ಮರುವಾರ ಐರಣಿಯ ಬಸ್ಸು ಹತ್ತಿದೆ.

ನಿಂಗಕ್ಕನ ತಲೆ ಪೂರ್ತಿ ಬೆಳ್ಳಗಾಗಿತ್ತು. ಗಂಡ ಹೊಲಕ್ಕೆ ಹೋಗಿದ್ದ. ಬಾಗಿಲಲ್ಲಿ ಕಂಬಳಿ ಹಾಸಿ ಕೂರಿಸಿದಳು. ನಾನು ಪುಸ್ತಕ ತೆಗೆದು, ರಟ್ಟು ನೋಡಿ ಓದಿದ್ದನ್ನು, ಕಥೆ ಕಟ್ಟಿದ್ದನ್ನು, ಎಲ್ಲವನ್ನೂ ಹೇಳಿದೆ. ಆಕೆ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು.

"ನನಗ ಅವತ್ತ ಗೊತ್ತಾಗಿತ್ತು ತಂಗಿ. ಹಾಳಿ ತಿರುವಿದ ಸಪ್ಪಳಾನ ಬರಲಿಲ್ಲ."

ಮತ್ತೆ ಯಾಕೆ ಹೋದೆ ಎಂದು ಕೇಳಿದೆ.

"ಹೋಗಬೇಕು ಅಂತ ನನಗ ಅನಸ್ತಿತ್ತು. ಸುಮ್ಮನ ಹೆಂಗ ಹೋಗೂದು? ಒಂದು ನೆವ ಬೇಕಾಗಿತ್ತು, ನೀ ಕೊಟ್ಟಿ."

ಸುಖವಿತ್ತೇ ಎಂದು ಕೇಳುವ ಮೊದಲೇ ಆಕೆ ಹೇಳಿದಳು, ಅರ್ಧ ಇತ್ತು, ಅರ್ಧ ಇರಲಿಲ್ಲ, ಚಾ ಮಾತ್ರ ಗಂಡ ಒಂದು ದಿನವೂ ಮಾಡಿ ಕೊಡಲಿಲ್ಲ ಎಂದು. ಇಷ್ಟು ವರ್ಷ ಹೊತ್ತ ಭಾರ ನನ್ನದೇ ಅಲ್ಲವೆಂದು ತಿಳಿದಾಗ ಹಗುರಾಗಬೇಕಿತ್ತು. ನಿಜ ಹೇಳಬೇಕೆಂದರೆ, ಮೊದಲು ಸ್ವಲ್ಪ ಅವಮಾನವಾಯಿತು. ಹಗುರಾದದ್ದು ಆಮೇಲೆ.

"ಖರೇದ್ದು ಏನೈತಿ, ಓದು. ಈ ಸಲ ಹಾಳಿ ತಿರುವಿ ಓದು."

ಓದಿದೆ. ಒಂದಕ್ಷರ ಬದಲಿಸಬಾರದೆಂದು ಶಪಥ ಮಾಡಿಕೊಂಡು, ಹಾಳೆಗಳನ್ನು ಬೇಕೆಂದೇ ಸಪ್ಪಳ ಮಾಡುತ್ತ ತಿರುವಿದೆ. ಕಡೆಯ ಪುಟದಲ್ಲಿ ನಾಯಕಿ ಕಿಟಕಿಯ ಬಳಿ ಒಬ್ಬಳೇ ನಿಂತು ಕಾಫಿ ಹೀರುತ್ತಾಳೆ. ಹಾಗೆಯೇ ಓದಿದೆ. ನಿಂಗಕ್ಕ ಕೈ ಎತ್ತಿ ತಡೆದಳು.

"ಕಾಫಿ ಎಲ್ಲಿಂದ ಬಂತು? ಆಕಿ ಚಾ ಕುಡಿಯಾಕಿ."

ದೊಡ್ಡ ಸುಳ್ಳನ್ನು ಅವತ್ತೇ ಹಿಡಿದವಳು ಸಣ್ಣದನ್ನು ಇಷ್ಟು ವರ್ಷ ನಂಬಿಕೊಂಡಿದ್ದಳು. ಕಣ್ಣು ಸರಿಯಾಗಿ ಕಾಣಲಿಲ್ಲ ನಿಂಗಕ್ಕ, ಚಾ ಅಂತಲೇ ಇದೆ ಎಂದೆ. ಹೊರಡುವಾಗ ಆಕೆ ಬಟ್ಟೆಯಲ್ಲಿ ಒಂದಿಷ್ಟು ಮೆಣಸಿನಕಾಯಿ ಕಟ್ಟಿಕೊಟ್ಟಳು. ತುಂಬು ಬಿಡಿಸಿದ್ದವು.

ಇವತ್ತು ಹುರಿದದ್ದು ಅವನ್ನೇ. ಚಟ್ನಿ ಅರೆದಿಟ್ಟು, ಕೈ ತೊಳೆದು, ಹತ್ತನೆಯ ಪುಟಕ್ಕೆ ಬಿಟ್ಟಿದ್ದ ಒಂದು ಕಾದಂಬರಿ ತೆಗೆದೆ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಗಟ್ಟಿಯಾಗಿ ಓದಿದೆ, ಹಾಳೆ ತಿರುವಿದೆ. ಹನ್ನೆರಡನೆಯ ಪುಟದಲ್ಲಿ ಯಾರೋ ಯಾರಿಗೋ ಕಾಫಿ ತಂದುಕೊಟ್ಟರು. ನಾನು ಚಾ ಎಂದು ಓದಿದೆ.