ಎರಡನೇ ರಿಂಗಿನ ತನಕ

ಕಳೆದ ವಾರ ನಮ್ಮ ಆಫೀಸಿನ ಹಳೇ ಇಂಟರ್‌ಕಾಮ್ ಪೆಟ್ಟಿಗೆಯನ್ನು ಗೋಡೆಯಿಂದ ಕಿತ್ತರು. ಗುಜರಿಗೆ ಹೋಗಬೇಕಾದ ಫೋನುಗಳನ್ನೆಲ್ಲ ನನ್ನ ಮೇಜಿನ ಮೇಲೇ ರಾಶಿ ಹಾಕಿದ್ದರು. ಅದರಲ್ಲಿ ನನ್ನದೂ ಇತ್ತು. ಕರೆ ಮಾಡಿದವರ ನಂಬರು ತೋರಿಸುವ ಪುಟ್ಟ ಪರದೆ ಇಡೀ ಆಫೀಸಿಗೆ ಅದೊಂದಕ್ಕೇ. ಧೂಳು ಒರೆಸೋಣ ಅಂತ ತಿರುಗಿಸಿದರೆ, ಬೆನ್ನಿಗೆ ಅಂಟಿಸಿದ ಒಂದು ಚೀಟಿ. ಅದರಲ್ಲೊಂದು ಮೊಬೈಲ್ ನಂಬರು, ಪಕ್ಕದಲ್ಲಿ ನನ್ನದೇ ದುಂಡು ಅಕ್ಷರದಲ್ಲಿ ‘ಎತ್ತಬಾರದು’ ಅಂತ. ಥೂ, ನನ್ನ ಜನ್ಮಕ್ಕೆ! ಎಷ್ಟು ಮುದ್ದಾಗಿ ಬರೆದಿದ್ದೆ ಗೊತ್ತಾ?

ನಾನು ರಾಜಾಜಿನಗರದ ಒಂದು ಪಿಯು ಕಾಲೇಜಿನಲ್ಲಿ ಹೆಡ್ ಕ್ಲರ್ಕು. ಏಳೆಂಟು ವರ್ಷದ ಹಿಂದೆ ನಮ್ಮಲ್ಲಿ ಶಿವಣ್ಣ ಅಂತ ಟೆಲಿಫೋನ್ ಆಪರೇಟರ್ ಇದ್ದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಆದರೆ ‘ಹಲೋ’ ಅನ್ನೋದರೊಳಗೆ ಆ ಕಡೆ ಯಾರು, ಕೋಪದಲ್ಲಿದ್ದಾರಾ, ಊಟ ಆಗಿದೆಯಾ, ಎಲ್ಲ ಹೇಳಿಬಿಡುತ್ತಿದ್ದರು. ನಮ್ಮ ಪ್ರಿನ್ಸಿಪಾಲರು ರಜೆ ಹಾಕಿ ಮದುವೆ ಮನೆಯಿಂದ ‘ಮೈಗೆ ಹುಷಾರಿಲ್ಲ’ ಅಂದಾಗ, “ಹೋಳಿಗೆ ಹೇಗಿದೆ ಸಾರ್?” ಅಂತ ಕೇಳಿದ ಪುಣ್ಯಾತ್ಮ.

ಆ ವರ್ಷ ಜಯಮ್ಮ ಅನ್ನೋರ ಮಗಳ ಹತ್ತನೇ ಕ್ಲಾಸಿನ ಅಸಲಿ ಮಾರ್ಕ್ಸ್ ಕಾರ್ಡನ್ನು ನಾನು ಎಲ್ಲೋ ಸೇರಿಸಿಬಿಟ್ಟೆ. ಪಿಯುಸಿ ಮುಗಿಸಿ ಆ ಹುಡುಗಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಎರಡು ಸಲ ಅವಳೇ ಬಂದಳು. “ಹುಡುಕ್ತಾ ಇದೀವಿ ಕಣಮ್ಮ” ಅಂತ ಸಾಗಹಾಕಿದೆ. ಆಮೇಲೆ ಜಯಮ್ಮನ ಫೋನು ಶುರುವಾಯಿತು. ಆಕೆ ಹೆಗ್ಗನಹಳ್ಳಿ ಕಡೆ ಗಾರ್ಮೆಂಟ್ಸಿನಲ್ಲಿ ಟೈಲರ್. ಊಟದ ಬಿಡುವಲ್ಲಿ ಮಾತ್ರ ಮೊಬೈಲ್ ಕೈಗೆ ಸಿಗುತ್ತಿದ್ದದ್ದರಿಂದ ಸರಿಯಾಗಿ ಹನ್ನೆರಡೂವರೆಗೆ ಮಾಡುತ್ತಿದ್ದರು.

“ಸೀಟಲ್ಲಿಲ್ಲ ಅಂದ್ಬಿಡಿ ಶಿವಣ್ಣ” ಅಂದೆ.

“ನಿಮ್ಮ ಕುರ್ಚಿ ಕಿರ್ ಅಂತಿದೆ, ನಾನು ಹೆಂಗೆ ಇಲ್ಲ ಅನ್ಲಿ? ಆಯಮ್ಮ ಬಯ್ಯೋಕೆ ಮಾಡ್ತಿಲ್ಲ ಸಾರ್. ಏನೋ ಕೇಳ್ಕೊಳ್ಳೋ ದನಿ. ಒಂದ್ಸಲ ಮಾತಾಡಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾನು. ಮಾತಾಡಲಿಲ್ಲ. ಅದರ ಬದಲು ಪ್ರಿನ್ಸಿಪಾಲರ ಹತ್ತಿರ ಹೋಗಿ, “ಶಿವಣ್ಣನವರಿಗೆ ಕೆಲಸ ಜಾಸ್ತಿ ಆಗ್ತಿದೆ ಸಾರ್, ಕಾಲರ್ ಐಡಿ ಹಾಕಿಸೋಣ” ಅಂದೆ. ಎಂಥಾ ಕರುಣೆ ನೋಡಿ!

ಫೋನ್ ರಿಪೇರಿಯವನು ಬಂದು ತಲೆ ಕೆರೆದುಕೊಂಡ. “ಮಶೀನ್ ಹಳೇದು ಸಾರ್. ಕಾಲ್ ಶಿವಣ್ಣೋರಿಂದ ನಿಮಗೆ ಬಂದ್ರೆ ಹೊರಗಿನ ನಂಬರಲ್ಲ, ಶಿವಣ್ಣೋರ ನಂಬರೇ ತೋರ್ಸತ್ತೆ.”

“ಹಾಗಾದ್ರೆ ಮೊದ್ಲು ನನಗೇ ಬರೋ ಹಾಗೆ ಮಾಡಪ್ಪ.”

ಅವನು ಒಂದು ಕಾರ್ಡ್ ಸಿಕ್ಕಿಸಿ, ವೈರು ಬದಲಾಯಿಸಿ, ಹೊಸ ಫೋನಿಟ್ಟ. “ಮೊದಲನೇ ರಿಂಗಲ್ಲಿ ಎತ್ಬೇಡಿ. ನಂಬರು ಬರೋದು ಅದಾದ್ಮೇಲೆ. ಎರಡನೇ ರಿಂಗ್ ತನಕ ತಾಳ್ಕೊಳಿ.” ತಾಳಿಕೊಂಡೆ. ಕರೆಗಳೆಲ್ಲ ಮೊದಲು ನನಗೇ ಬರತೊಡಗಿ, ಶಿವಣ್ಣ ಅರ್ಧ ದಿನ ಕೈಕಟ್ಟಿ ಕೂತರು.

ಸೋಮವಾರ ಹನ್ನೆರಡೂವರೆಗೆ ಜಯಮ್ಮನ ನಂಬರು ಮೂಡಿತು. ಎತ್ತಲಿಲ್ಲ. ಮಂಗಳವಾರವೂ ಎತ್ತಲಿಲ್ಲ.

“ಸಾರ್, ನಿಮ್ಮ ಫೋನು” ಅಂದರು ಶಿವಣ್ಣ.

“ರಾಂಗ್ ನಂಬರು.”

“ದಿನಾ ಹನ್ನೆರಡೂವರೆಗೇ ಬರತ್ತಾ ಸಾರ್ ರಾಂಗ್ ನಂಬರು?”

ಶುಕ್ರವಾರ ಬೆಳಿಗ್ಗೆಯೇ ಅದೇ ನಂಬರು ಬಂತು. ಕೈ ತೊಡೆ ಮೇಲಿಟ್ಟುಕೊಂಡು, ಅದು ಸುಮ್ಮನಾಗುವವರೆಗೂ ನೋಡುತ್ತಾ ಕೂತೆ. ಎರಡೇ ನಿಮಿಷಕ್ಕೆ ಜಯಮ್ಮ ಬಾಗಿಲಲ್ಲಿ. ರಜೆ ಹಾಕಿ ಬಂದಿದ್ದರು. ಮಾರ್ಕ್ಸ್ ಕಾರ್ಡು ಕಾಲೇಜಲ್ಲೇ ಇದೆ ಅಂತ ನಾವು ಒಂದೇ ಒಂದು ಸಾಲು ಬರೆದುಕೊಟ್ಟಿದ್ದರೆ ನರ್ಸಿಂಗಿನವರು ಹದಿನೈದು ದಿನ ಟೈಮು ಕೊಡುತ್ತಿದ್ದರಂತೆ. ಅದನ್ನು ಕೇಳೋಕೆ ಅಷ್ಟು ಫೋನು. ಗಡುವು ಗುರುವಾರಕ್ಕೇ ಮುಗಿದು, ಸೀಟು ಬೇರೆಯವರಿಗೆ ಹೋಗಿತ್ತು.

“ವಾರವೆಲ್ಲ ಮೀಟಿಂಗಲ್ಲಿದ್ದೆ ಜಯಮ್ಮ. ಸೀಟಲ್ಲೇ ಇರಲಿಲ್ಲ” ಅಂದೆ.

“ಪರವಾಗಿಲ್ಲ ಸಾರ್” ಅಂದರು. ಶಿವಣ್ಣ ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡರು. ಕಾರ್ಡು ಆಮೇಲೆ, ನಾನೇ ಕಟ್ಟಿಟ್ಟಿದ್ದ ಬೇರೊಂದು ಕಟ್ಟಿನಲ್ಲಿ ಸಿಕ್ಕಿತು. ಹುಡುಗಿ ಬಂದು ಸಹಿ ಹಾಕಿ ತಗೊಂಡು ಹೋದಳು. ಅಮ್ಮನ ಜೊತೆ ಗಾರ್ಮೆಂಟ್ಸಿಗೆ ಹೋಗ್ತಿದೀನಿ ಅಂದಳು. ಮುಂದೇನಾಯಿತು ಅಂತ ನಾನು ಕೇಳಲಿಲ್ಲ, ಕೇಳೋಕೆ ಮುಖವಿರಲಿಲ್ಲ.

ಕಳೆದ ವಾರ ಸಿಕ್ಕಿದ ಆ ಚೀಟಿ ಕಿತ್ತು ಜೇಬಲ್ಲಿಟ್ಟುಕೊಂಡೆ. ನಾಲ್ಕು ದಿನ ಜೇಬಲ್ಲೇ ಇತ್ತು. ನಿನ್ನೆ ಹನ್ನೆರಡೂವರೆ ಆಗೋದನ್ನೇ ಕಾದು, ಆಫೀಸಿನ ಹೊಸ ಫೋನಿನಿಂದ ಆ ನಂಬರಿಗೆ ಮಾಡಿದೆ. ಮೊದಲನೇ ರಿಂಗ್ ಮುಗಿಯೋ ಮುಂಚೆಯೇ ಎತ್ತಿದರು.

“ಹೇಳಿ ಸಾರ್, ಕಾಲೇಜಿಂದ ತಾನೆ? ನಂಬರ್ ಇನ್ನೂ ಇಟ್ಕೊಂಡಿದೀನಿ.”

“ಜಯಮ್ಮ, ನಾನು ಹೆಡ್ ಕ್ಲರ್ಕು. ಆ ವಾರ ಮೀಟಿಂಗ್ ಏನೂ ಇರ್ಲಿಲ್ಲ. ನಾನು ಸೀಟಲ್ಲೇ ಇದ್ದೆ ಕಣಮ್ಮ.”

ಆ ಕಡೆ ಯಾರೋ ಊಟದ ಡಬ್ಬಿ ಮುಚ್ಚುವ ಸದ್ದು.

“ಗೊತ್ತು ಸಾರ್. ಅವತ್ತು ಒಳಗೆ ಬರೋ ಮುಂಚೆ ನಿಮ್ಮ ಕಿಟಕಿ ಹತ್ರ ನಿಂತ್ಕೊಂಡೇ ಮಾಡಿದ್ದು. ನೀವು ಫೋನನ್ನೇ ನೋಡ್ತಾ ಕೂತಿದ್ರಿ.”