ಅಕ್ಕ ಜಾರಿರಲಿಲ್ಲ

ದೆವ್ವ, ಶಕುನ, ದೂರದವರ ದನಿ ಕೇಳಿಸುವುದು ಎಂದರೆ ಮೂಗು ಮುರಿಯುವವಳು ನಾನು. ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು ಬೇರೆ. ಯಾರಾದರೂ ಅಂಥ ಕಥೆ ತೆಗೆದರೆ ಮುಖದ ಮೇಲೇ ನಕ್ಕುಬಿಡುತ್ತಿದ್ದೆ. ಈಗ ನನ್ನದನ್ನು ಕೇಳಿ ನೀವು ನಕ್ಕರೆ ನನಗೆ ಸಿಟ್ಟೇನಿಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ಭಾನುವಾರ. ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ ಮಧ್ಯಾಹ್ನ ಶೇಂಗಾ ಸುಲಿಯುತ್ತ ಕುಳಿತಿದ್ದೆ. ಲಟಕ್ ಎಂದು ಸದ್ದಾಯಿತು. ಕಾಯಿ ಒಡೆದದ್ದು ಎಂದುಕೊಂಡೆ. ನೋಡಿದರೆ ಕೈಯಲ್ಲಿ ಕಾಯಿಯೇ ಇರಲಿಲ್ಲ. ಅದರ ಹಿಂದೆಯೇ ದೂರದ ಕಟಕೋಳದಲ್ಲಿದ್ದ ನನ್ನ ಅಕ್ಕನ ದನಿ, ಕಿವಿಯ ಹತ್ತಿರವೇ: “ತಂಗೀ, ನಾ ಜಾರಿಲ್ಲ. ಮೊದಲ ಮುರೀತು, ಆಮ್ಯಾಲ ಬಿದ್ನಿ.”

ಎದ್ದು ಹೋಗಿ ಯಜಮಾನರಿಗೆ ಹೇಳಿದೆ. “ವಿಜ್ಞಾನದ ಟೀಚರಿಗೆ ಬಿಸಲು ತಲಿಗೇರೈತಿ” ಎಂದು ನಕ್ಕರು. ಸಂಜೆ ಪಕ್ಕದ ಮನೆಗೆ ಫೋನ್ ಬಂತು. ಮಧ್ಯಾಹ್ನ ಅಕ್ಕ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದಳು.

ಬೆಳಗಾಗುತ್ತಲೇ ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಹೋದೆ. ಬೆಳಗಾವಿಗೆ ಒಯ್ಯಲು ಜೀಪಿನ ದಾರಿ ಕಾಯುತ್ತ ಅಕ್ಕನನ್ನು ಮಲಗಿಸಿದ್ದರು. ಬಾಗಿಲ ಬಳಿ ಅವಳ ಸೊಸೆ ಸುನಂದಾ ಬಟ್ಟೆಯ ಚೀಲ ಹಿಡಿದು ಅಳುತ್ತ ನಿಂತಿದ್ದಳು. ಅವಳು ನೆಲ ಒರೆಸಿ ಹಸಿ ಬಿಟ್ಟದ್ದರಿಂದಲೇ ಅತ್ತೆ ಜಾರಿದ್ದು ಎಂದು ತೀರ್ಮಾನವಾಗಿತ್ತು. ರಾಮದುರ್ಗದ ತವರಿಗೆ ಅವಳನ್ನು ಅಟ್ಟುತ್ತಿದ್ದರು. ಅವಳ ಗಂಡನೆನಿಸಿಕೊಂಡ ಅಕ್ಕನ ಮಗ ತಲೆ ತಗ್ಗಿಸಿ ಕುಳಿತಿದ್ದ.

ಅಕ್ಕ ನನ್ನ ಕೈ ಹಿಡಿದು, ನಾನು ಬಾಯಿ ತೆರೆಯುವ ಮೊದಲೇ, ಅದೇ ಮಾತು ಹೇಳಿದಳು. ಒಂದಕ್ಷರ ಆಚೀಚೆ ಇಲ್ಲ.

“ಮಾವಾರ, ಈ ಮಾತು ನಾ ನಿನ್ನೆ ನಮ್ಮ ಮನ್ಯಾಗನ ಕೇಳೇನ್ರಿ. ಆ ಹುಡುಗೀದು ತಪ್ಪಿಲ್ಲ” ಎಂದು ಅಕ್ಕನ ಗಂಡನಿಗೆ ಹೇಳಿದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಬೈಲಹೊಂಗಲದಾಗ ಕುಂತು ಕೇಳಿದ್ರೇನು? ಎಲುಬು ತಾನ ಮುರಿಯಾಕ ಅದೇನು ಒಣಾ ಕಟಗಿ ಏನ್ರಿ? ನೆಲಾ ಹಸಿ ಇತ್ತು, ಜಾರ್ಯಾಳ. ಮುಗೀತು.”

ಸುನಂದಾ ಬಸ್ಸು ಹತ್ತಿದಳು.

ಬೆಳಗಾವಿಯ ಡಾಕ್ಟರು ಎಕ್ಸ್‌ರೇ ನೋಡಿ ಒಂದೊಂದೇ ಕೇಳಿದರು. ಅಕ್ಕನಿಗೆ ಮೂವತ್ತು ದಾಟುವುದರೊಳಗೆ ಗರ್ಭಚೀಲದ ಜೊತೆ ಅಂಡಾಶಯವನ್ನೂ ತೆಗೆಸಿದ್ದರು. ಉಬ್ಬಸಕ್ಕೆಂದು ವರ್ಷಗಟ್ಟಲೆ ಸ್ಟಿರಾಯ್ಡ್ ಗುಳಿಗೆ ನುಂಗಿಸಿದ್ದರು. ಹಿಂದೊಮ್ಮೆ ಕಟ್ಟೆಯ ಮೇಲಿಂದ ಇಳಿಯುವಾಗ ಸುಮ್ಮನೆ ಕೈಯೂರಿದ್ದಕ್ಕೇ ಮುಂಗೈ ಮುರಿದಿತ್ತು. ನಮ್ಮವ್ವ ಕೂಡ ಕಡೆಗಾಲದಲ್ಲಿ ಬೆನ್ನು ಬಾಗಿ ನೆಲ ನೋಡಿಕೊಂಡೇ ನಡೆಯುತ್ತಿದ್ದಳು.

“ಅಂಡಾಶಯ ತಗದದ್ದು, ಆ ಗುಳಿಗಿ, ಎಲ್ಲಾ ಸೇರಿ ಎಲುಬು ಟೊಳ್ಳಾಗ್ಯಾವ್ರಿ. ಕೈ ಮುರಿದಾಗನ ಯಾರರ ನೋಡಬೇಕಿತ್ತು. ಇಂಥಾವು ಒಮ್ಮೊಮ್ಮೆ ನಿಂತಲ್ಲೇ ಮುರೀತಾವ. ಮೊದಲ ಮುರೀತೈತಿ, ಆಮ್ಯಾಲ ಮನಿಶಾ ಬೀಳತಾನ” ಎಂದರು.

“ಹೌದ್ರಿ ಸಾಹೇಬ್ರ” ಎಂದ ಅಕ್ಕನ ಗಂಡ, ಎರಡೂ ಕೈ ಜೋಡಿಸಿ. ನನಗೆ ಅಲ್ಲಿಯೇ ಅವನ ಕೊರಳಪಟ್ಟಿ ಹಿಡಿಯಬೇಕೆನಿಸಿತು. ಗರ್ಭಚೀಲ ತೆಗೆದವರು, ಗುಳಿಗೆ ಕೊಟ್ಟವರು, ಮುಂಗೈಗೆ ಪಟ್ಟಿ ಸುತ್ತಿ ಕಳಿಸಿದವರು, ಎಲ್ಲರೂ ಕಲಿತವರೇ. ಅವರಲ್ಲೊಬ್ಬರನ್ನೂ ಯಾರೂ ಏನೂ ಅನ್ನಲಿಲ್ಲ. ಒದ್ದೆ ಅರಿವೆ ಹಿಡಿದ ಹುಡುಗಿ ಸಿಕ್ಕಳು. ಡಾಕ್ಟರು ಹೇಳಿದ ಮೇಲೂ ಅವಳನ್ನು ಕರೆತರಲು ಯಾರೂ ರಾಮದುರ್ಗಕ್ಕೆ ಹೋಗಲಿಲ್ಲ. ನಾನು ಹೋದೆ. “ಅವರು ಕರೀಲಿಕ್ಕ ಬರಲಿ” ಎಂದರು ಅವಳ ತಂದೆ. ಅವರು ಹೇಳಿದ್ದು ತಪ್ಪಲ್ಲ.

ಅಕ್ಕ ಮತ್ತೆ ಏಳಲಿಲ್ಲ. ಸುನಂದಾ ಬಂದಳೇನು ಎಂದು ಕೇಳುತ್ತಲೇ ಹಾಸಿಗೆಯಲ್ಲಿ ತೀರಿಕೊಂಡಳು.

ಮೊದಲು ಎಲುಬು ಮುರಿದು ಆಮೇಲೆ ಮನುಷ್ಯ ಬೀಳಬಹುದು ಎಂಬುದು ಆ ಭಾನುವಾರ ನನಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದ್ದನ್ನು ನನ್ನ ಭ್ರಮೆ ಹೇಗೆ ಹೇಳೀತು? ಅಷ್ಟು ದೂರವಿದ್ದ ನನಗೆ ಅಕ್ಕನ ಮಾತು ಕೇಳಿಸಿತು. ಅವಳ ಹಾಸಿಗೆಯ ಸುತ್ತ ನಿಂತಿದ್ದವರಿಗೆ ಕೇಳಿಸಲೇ ಇಲ್ಲ. ಇವೆರಡರಲ್ಲಿ ಯಾವುದು ಹೆಚ್ಚು ವಿಚಿತ್ರವೋ, ನನಗಂತೂ ಇಂದಿಗೂ ತಿಳಿಯದು.