ಮೂವತ್ತು ಮೇಕೆ, ಇಪ್ಪತ್ತೇಳು ಓಲೆ

ಮೇಕೆಯ ಕಿವಿಯಲ್ಲಿ ತೂತಿದ್ದರೆ ಅದರ ಬೆಲೆ ಎಷ್ಟು ಇಳಿಯುತ್ತದೆ? ನಿಮಗೆ ಗೊತ್ತಿಲ್ಲ ತಾನೆ? ಮೊನ್ನೆ ಮೊನ್ನೆಯವರೆಗೆ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಮೂವತ್ತು ಮೇಕೆಗಳ ಫಾರ್ಮಿಗೆ ಬಜೆಟ್ ಬರೆದುಕೊಟ್ಟ ಮಹಾನುಭಾವ ನಾನು.

ಫಾರ್ಮು ನನ್ನದಲ್ಲ, ತಂಗಿ ಪದ್ಮಳ ಗಂಡ ಶಿವಣ್ಣನವರದು. ಕಾರ್ಖಾನೆಯಲ್ಲಿ ವಿಆರ್‌ಎಸ್ ತೆಗೆದುಕೊಂಡು, ಬಂದ ಹಣದಲ್ಲಿ ಕೆ.ಆರ್. ಪುರದಾಚೆಯ ತಮ್ಮ ಜಾಗದಲ್ಲಿ ಶೆಡ್ ಹಾಕಿಸಿದರು. ಹೋತದ ಮರಿಗಳನ್ನು ಕೊಂಡು ಬೆಳೆಸುವುದು, ಬಕ್ರೀದಿಗೆ ಒಳ್ಳೆಯ ಬೆಲೆಗೆ ಮಾರುವುದು, ಆ ದುಡ್ಡಿನಲ್ಲಿ ಮಗಳು ಸುಮಾಳನ್ನು ಕಾಲೇಜಿಗೆ ಸೇರಿಸುವುದು. ಪ್ಲಾನ್ ಇಷ್ಟೇ. "ಭಾವ, ನೀವು ಪೇಪರ್‌ನಲ್ಲಿ ಊರೋರಿಗೆಲ್ಲ ಬಜೆಟ್ ಹೇಳ್ಕೊಡ್ತೀರ, ನಮಗೂ ಒಂದು ಬರ್ಕೊಡಿ" ಅಂದರು. (ಈ ಅಂಕಣವನ್ನು ಇಷ್ಟೊಂದು ನಂಬಿದ ಓದುಗ ನನ್ನ ಮನೆಯವರೇ ಆಗಬೇಕಿತ್ತೇ?)

ಹೊಸ ತಿಪ್ಪಸಂದ್ರದ ಸೈಬರ್ ಕೆಫೆಯಲ್ಲಿ ಕೂತು ಶೀಟ್ ತಯಾರು ಮಾಡಿದೆ. ಮರಿ ಖರೀದಿ, ಬೂಸಾ, ಹಿಂಡಿ, ಜಂತುಹುಳದ ಔಷಧಿ, ಶೆಡ್ಡಿನ ಕರೆಂಟು. ಆಮೇಲೆ ಇನ್ಶೂರೆನ್ಸ್. ಮೊದಲು ವಿಮೆ, ಮಿಕ್ಕಿದ್ದೆಲ್ಲ ಆಮೇಲೆ ಎಂದು ಇದೇ ಜಾಗದಲ್ಲಿ ಎಷ್ಟು ಸಲ ಬರೆದಿಲ್ಲ? ನನ್ನ ಮಾತನ್ನು ನಾನೇ ಮೀರುವುದುಂಟೇ? ಮೇಕೆ ಸತ್ತರೆ ಎಷ್ಟು ಪರಿಹಾರ, ಯಾವ ಫಾರಂ, ಯಾರ ಸಹಿ, ಎಲ್ಲವನ್ನೂ ವಿವರವಾಗಿ ಬರೆದೆ.

ವಿಮೆಗೆ ಪ್ರತಿ ಮೇಕೆಗೂ ಗುರುತು ಬೇಕು. ಅಂದರೆ ಕಿವಿ ಚುಚ್ಚಿ, ನಂಬರ್ ಇರುವ ಪ್ಲಾಸ್ಟಿಕ್ ಓಲೆ ಹಾಕಬೇಕು. ಪಶುವೈದ್ಯರು ಬಂದ ದಿನ ನಾನೂ ಹೋಗಿದ್ದೆ. ಎಣಿಸಿದರೆ ಇಪ್ಪತ್ತೇಳೇ ಇವೆ! ಮಿಕ್ಕ ಮೂರನ್ನು ಹೊಡೆದುಕೊಂಡು ಪದ್ಮ ಬೆಳಿಗ್ಗೆಯೇ ಕೆರೆಯಂಗಳಕ್ಕೆ ಹೋಗಿದ್ದಳು. ತೀರಾ ಸಣ್ಣವಿದ್ದಾಗ ಬಂದವು, ಬಾಟಲಿಯಲ್ಲಿ ಹಾಲು ಕುಡಿಸಿ ಉಳಿಸಿಕೊಂಡಿದ್ದಳು. ಅವು ಅರಚಿಕೊಳ್ಳುವುದನ್ನು ತನ್ನಿಂದ ಕೇಳಲಾಗದು ಅಂದಳು. (ಕಡಿಯಲು ಮಾರುವ ಮೇಕೆಗೆ ಕಿವಿ ನೋಯಬಾರದಂತೆ. ನನಗೆ ಅರ್ಥವಾಗಲಿಲ್ಲ.) ಇವು ಸತ್ತರೆ ಬಿಡಿಗಾಸೂ ಬರುವುದಿಲ್ಲ ಎಂದು ರೇಗಿದೆ. ಶೀಟಿನಲ್ಲಿ ಆ ಮೂರಕ್ಕೆ ಕೆಂಪು ಗೆರೆ ಎಳೆದು 'ರಿಸ್ಕ್' ಎಂದು ಬರೆದೆ.

ಬಕ್ರೀದಿಗೆ ಹತ್ತು ದಿನವಿರುವಾಗ ಶಿವಾಜಿನಗರದ ವ್ಯಾಪಾರಿ ಖಾದರ್ ಭಾಯ್ ಬಂದರು. ಬಾಯಿ ಬಿಡಿಸಿ ಹಲ್ಲು ನೋಡಿದರು. ಕೊಂಬು ಸವರಿದರು. ಬೆನ್ನು ಅದುಮಿ ನೋಡಿದರು. ಮುಖ ಅರಳಿತು. ಆಮೇಲೆ ಕಿವಿ ಹಿಡಿದರು, ಓಲೆ ಕಂಡು ಕೈ ಹಿಂತೆಗೆದರು.

"ಮಾಲು ಫಸ್ಟ್ ಕ್ಲಾಸ್ ಸಾರ್. ಆದ್ರೆ ಕುರ್ಬಾನಿಗೆ ಜಾನ್ವರ್ ಪೂರಾ ಇರ್ಬೇಕು, ಮೈಮೇಲೆ ಒಂದು ಊನ ಇರ್ಬಾರ್ದು. ಇಷ್ಟು ತೂತಿಗೆ ಏನೂ ಆಗಲ್ಲ ಅನ್ನೋರೂ ಇದಾರೆ. ನನ್ ಗಿರಾಕಿಗಳು ಒಪ್ಪಲ್ಲ. ಹಬ್ಬದ ದಿನ ಅವ್ರ ಹತ್ರ ನಾನು ವಾದ ಮಾಡಕ್ಕಾಗತ್ತಾ?"

ಓಲೆ ಬಿಚ್ಚಿಬಿಟ್ಟರೆ ಎಂದು ಕೇಳಿದೆ. ತೂತು ಎಲ್ಲಿಗೆ ಹೋಗುತ್ತದೆ ಎಂದು ಅವರು ಮೆಲ್ಲಗೆ ಕೇಳಿದರು. ಇನ್ನಿಬ್ಬರು ವ್ಯಾಪಾರಿಗಳಿಗೆ ಫೋನ್ ಮಾಡಿದೆವು. ಅವರದೂ ಅದೇ ಉತ್ತರ.

ಕೊನೆಗೆ ಖಾದರ್ ಭಾಯ್ ಮೂರೇ ಮೂರು ಹೋತಗಳನ್ನು ಆರಿಸಿಕೊಂಡರು. ಪದ್ಮ ಹೇಳಿದ ಬೆಲೆಯನ್ನು ಚೌಕಾಸಿ ಮಾಡದೆ ಕೊಟ್ಟರು. ಹೌದು, ನನ್ನ ಕೆಂಪು ಗೆರೆಯವೇ. ಮಿಕ್ಕ ಇಪ್ಪತ್ತೇಳು ಮಾಂಸದಂಗಡಿಯ ಮಾಮೂಲಿ ರೇಟಿಗೆ ಹೋದವು. ಹಾಕಿದ ದುಡ್ಡು ಹುಟ್ಟಿತು. ಸುಮಾಳ ಫೀಸು ಹುಟ್ಟಲಿಲ್ಲ.

ಈಗ ನೀವೇ ಹೇಳಿ, ವಿಮೆ ಮಾಡಿಸಿದ್ದು ತಪ್ಪೇ? ರೋಗ ಬಂದಿದ್ದರೆ ನಾನೇ ಬುದ್ಧಿವಂತ. ಆದರೆ ಒಂದು ಮೇಕೆಯೂ ಕೆಮ್ಮಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಒಂದೆರಡಾದರೂ ಸತ್ತಿದ್ದರೆ ನನ್ನ ಮಾನ ಉಳಿಯುತ್ತಿತ್ತಲ್ಲ ಎಂದು ಬಸ್ಸಿನಲ್ಲಿ ವಾಪಸು ಬರುವಾಗ ಅನ್ನಿಸಿತು. ಮುಂದಿನ ಸಲ ಓಲೆ ಬೇಡ ಎನ್ನೋಣವೆಂದರೆ ಕಾಲುಬಾಯಿ ಜ್ವರದ ಭಯ. ಅರ್ಧಕ್ಕೆ ಹಾಕಿಸಿ ಅರ್ಧ ಬಿಡೋಣವೇ? ರೋಗ ಯಾವ ಅರ್ಧಕ್ಕೆ ಬರುತ್ತದೆಂದು ಯಾರಿಗೆ ಗೊತ್ತು? ತಲೆ ಕೆಟ್ಟು ಗೊಬ್ಬರವಾಗಿದೆ.

ಫೀಸು ನಾನು ಕಟ್ಟುತ್ತೇನೆ ಅಂದೆ. ಶಿವಣ್ಣ ಬೇಡವೆಂದರು. ನನ್ನ ಮೇಲೆ ಸಿಟ್ಟಾದರೂ ಮಾಡಿಕೊಳ್ಳಬಾರದೇ? ಅದೂ ಇಲ್ಲ. ಮಾರತ್ತಹಳ್ಳಿಯ ಒಂದು ಆಫೀಸಿನಲ್ಲಿ ಸೆಕ್ಯುರಿಟಿ ಕೆಲಸ ಕೇಳಿಕೊಂಡು ಬಂದಿದ್ದಾರೆ. ಸುಮಾಳ ಅಡ್ಮಿಷನ್ನಿಗೆ ಇನ್ನೂ ಟೈಮಿದೆ ಎಂದು ಅವರೇ ನನಗೆ ಸಮಾಧಾನ ಹೇಳಿದರು. ಅದು ಇನ್ನೂ ಚುಚ್ಚುತ್ತಿದೆ.

ಕಳೆದ ಭಾನುವಾರ, ಮುಂದಿನ ಬಕ್ರೀದಿನ ಲೆಕ್ಕ ಸರಿಪಡಿಸೋಣವೆಂದು ಹಳೆಯ ಶೀಟ್ ಹಿಡಿದುಕೊಂಡು ಹೋದೆ. ಪದ್ಮ ಕೈ ಒರೆಸಿಕೊಂಡು ಬಂದು ಕೂತಳು. ಒಂದೊಂದೇ ಪುಟ ತಿರುವಿ ನಿಧಾನವಾಗಿ ಓದಿದಳು. ಮಾತಿನಲ್ಲಿ ಕೊಂಕಿರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದಳು.

"ಅಣ್ಣಾ, ಸತ್ರೆ ಏನ್ ಮಾಡ್ಬೇಕು ಅಂತೆಲ್ಲ ಇದ್ರಲ್ಲಿ ಬರ್ದಿದೀಯ. ಸಾಯ್ದೇ ಇದ್ರೆ ಏನ್ ಮಾಡ್ಬೇಕು ಅಂತ ಯಾವ ಪುಟದಲ್ಲಿದೆ?"